ವಿಮಾನದ ಒಡೆಯನೂ ರುಜು ಹಾಕುವ ಮೆಕ್ಯಾನಿಕ್ಕನೂ

೨೦೧೮ನೆಯ ಇಸವಿ ಜೂನ್ ೨೮ರಂದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮುಂಬಯಿಯ ಘಾಟ್ಕೋಪರಿನಲ್ಲಿ ಒಂದು ಸಣ್ಣ ವಿಮಾನ ಬಿದ್ದಿತು. ಕಿಂಗ್ ಏರ್ ಸಿ-೯೦ ಎಂಬ ಜಾತಿಯದು, ಎರಡು ಇಂಜಿನ್ನಿನದು. ಮೊದಲು ಅದು ಉತ್ತರಪ್ರದೇಶ ಸರಕಾರದ ಸ್ವತ್ತಾಗಿತ್ತು. ಒಮ್ಮೆ ಅಪಘಾತಕ್ಕೆ ಸಿಕ್ಕಿದ ಮೇಲೆ ಸರಕಾರ ಅದನ್ನು ಮಾರಿತು. ಖಾಸಗಿ ಕಂಪನಿಯೊಂದು ಕೊಂಡಿತು. ವರ್ಷಗಟ್ಟಲೆ ಹಾರದೆ ನಿಂತಿದ್ದ ಅದನ್ನು ರಿಪೇರಿ ಮಾಡಿ, ಸರಿಹೋಗಿದೆಯೋ ಇಲ್ಲವೋ ನೋಡಲೆಂದು ಆ ದಿನ ಜುಹು ನಿಲ್ದಾಣದಿಂದ ಹಾರಿಸಿದ್ದರು. ಒಳಗಿದ್ದವರು ನಾಲ್ವರು. ಇಬ್ಬರು ಪೈಲಟರು, ಇಬ್ಬರು ರಿಪೇರಿಯ ಕಡೆಯವರು. ನಾಲ್ವರಲ್ಲಿ ಇಬ್ಬರು ಹೆಣ್ಣುಮಕ್ಕಳು. ಎಲ್ಲರೂ ಸತ್ತರು. ವಿಮಾನ ಬಿದ್ದದ್ದು ಕಟ್ಟಡ ಕಟ್ಟುತ್ತಿದ್ದ ಜಾಗದಲ್ಲಿ. ಅಲ್ಲಿಯ ಕೂಲಿಗಳು ಊಟಕ್ಕೆ ಹೋಗಿದ್ದರು, ಅದರಿಂದ ಉಳಿದರು. ದಾರಿಯಲ್ಲಿ ನಡೆದು ಹೋಗುತ್ತಿದ್ದ ಒಬ್ಬನು ಸತ್ತನು.

ಒಟ್ಟು ಐದು ಹೆಣ. ಐದರಲ್ಲಿ ಒಂದೂ ವಿಮಾನದ ಒಡೆಯನದಲ್ಲ.

ಆ ಅಪಘಾತದ ಕಾರಣವನ್ನು ಇಲ್ಲಿ ವಿಚಾರಿಸಲು ನಾನು ಹೊರಟಿಲ್ಲ. ಅದಕ್ಕೆ ತನಿಖೆಯ ಇಲಾಖೆ ಇದೆ. ನನ್ನ ಗಮನ ಸೆಳೆದದ್ದು ಆ ಹೆಣಗಳ ಲೆಕ್ಕ. "ಗಿರಣಿಯಲ್ಲಿ ದುಡಿಯುವವರಿಗೂ ಅಂಗಡಿ ಇಟ್ಟವರಿಗೂ ಸಾಹುಕಾರರ ವಿಮಾನದ ಗೊಡವೆ ಏಕೆ?" ಎಂದು ಈ ಪತ್ರಿಕೆಯ ವಾಚಕರು ಕೇಳಿದರೆ ತಪ್ಪಲ್ಲ. ನಮ್ಮಲ್ಲಿ ಬಹಳ ಮಂದಿ ರೈಲಿನಲ್ಲಿಯೇ ಕೂಡಲು ಜಾಗವಿಲ್ಲದೆ ನಿಂತು ಹೋಗುವವರು. ಆದರೆ ಆ ವಿಮಾನದ ನಟ್ಟು ಬಿಗಿಯುವವನು ನಮ್ಮಂಥ ಸಂಬಳದ ಮನುಷ್ಯ. ಅದು ಬಿದ್ದಾಗ ಕೆಳಗಿರುವ ಮಾಡು ನಮ್ಮಂಥವರದು. ಇಷ್ಟು ಸಂಬಂಧ ಸಾಲದೆ?

ಸಣ್ಣ ವಿಮಾನ ಎಂದರೆ ಏನೋ ಮಾಯದ ಯಂತ್ರವೆಂದು ತಿಳಿಯಬೇಡಿ. ಎರಡು ಅಥವಾ ನಾಲ್ಕು ಸೀಟಿನ ಸಾಧಾರಣ ವಿಮಾನದ ಇಂಜಿನ್ನು ನಾಲ್ಕು ಸಿಲಿಂಡರಿನದು. ಒಂದೊಂದು ಸಿಲಿಂಡರಿಗೆ ಎರಡೆರಡು ಪ್ಲಗ್ಗು, ಕಿಡಿ ಕೊಡಲು ಎರಡು ಮ್ಯಾಗ್ನೆಟೊ. ಒಂದು ಕೆಟ್ಟರೆ ಇನ್ನೊಂದು ನಡೆಸಬೇಕೆಂದು ಹೀಗೆ ಮಾಡಿದ್ದಾರೆ. ಹಾರುವ ಮೊದಲು ಪೈಲಟನು ಒಂದೊಂದನ್ನಾಗಿ ನಿಲ್ಲಿಸಿ ಇಂಜಿನ್ನಿನ ವೇಗ ಎಷ್ಟು ಇಳಿಯುತ್ತದೆಂದು ನೋಡುತ್ತಾನೆ. ಹೆಚ್ಚು ಇಳಿದರೆ ಆ ದಿನ ಹಾರಾಟವಿಲ್ಲ. ಇಲ್ಲವೆಂದು ಹೇಳುವ ಧೈರ್ಯ ಬೇಕು, ಅಷ್ಟೆ.

ಇನ್ನು ಪೆಟ್ರೋಲು. ಈ ಇಂಜಿನ್ನುಗಳ ಪೆಟ್ರೋಲಿಗೆ ನೀಲಿ ಬಣ್ಣ ಹಾಕಿರುತ್ತಾರೆ. ಅರ್ಧ ಖಾಲಿಯಿರುವ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಹನಿ ಕಟ್ಟಿ ನೀರು ಇಳಿಯುತ್ತದೆ. ಮುಚ್ಚಳದ ರಬ್ಬರು ಸವೆದಿದ್ದರೆ ಮಳೆಯ ನೀರೂ ಸೇರುತ್ತದೆ. ನೀರು ಭಾರ, ತಳಕ್ಕೆ ಹೋಗಿ ಕೂಡುತ್ತದೆ. ಅದಕ್ಕೇ ಪ್ರತಿದಿನ ಹಾರುವ ಮುಂಚೆ ಟ್ಯಾಂಕಿನ ತಳದ ತೂಬು ತಿರುಗಿಸಿ ಒಂದಿಷ್ಟನ್ನು ಗಾಜಿನ ಲೋಟಕ್ಕೆ ಬಿಟ್ಟು ಬೆಳಕಿಗೆ ಹಿಡಿದು ನೋಡುವುದು. ಮೇಲೆ ನೀಲಿ, ಕೆಳಗೆ ಬಣ್ಣವಿಲ್ಲದ ಪದರ ಕಂಡರೆ ಅದು ನೀರು. ಕಾಣದಾಗುವ ತನಕ ಚೆಲ್ಲುತ್ತಿರಬೇಕು. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷವಿಲ್ಲದೆ ಮೇಲೇರಿದ ಮೇಲೆ ಇಂಜಿನ್ನು ಕೆಮ್ಮಿ ನಿಂತ ಉದಾಹರಣೆಗಳು ಎಲ್ಲ ದೇಶಗಳಲ್ಲಿಯೂ ಇವೆ. ಗಾಳಿಯ ವೇಗ ಅಳೆಯಲು ಹೊರಗೆ ಚಾಚಿರುವ ಒಂದು ಸಣ್ಣ ಕೊಳವೆ ಇರುತ್ತದೆ. ನಾಲ್ಕು ದಿನ ಮುಚ್ಚದೆ ಬಿಟ್ಟರೆ ಕಣಜ ಬಂದು ಅದರೊಳಗೆ ಮಣ್ಣಿನ ಗೂಡು ಕಟ್ಟುತ್ತದೆ. ಆಮೇಲೆ ವೇಗದ ಮುಳ್ಳು ಸುಳ್ಳು ಹೇಳುತ್ತದೆ. ಒಂದು ಹುಳು ಸಾಕು!

ಗಂಟೆಯ ಲೆಕ್ಕವೂ ಇದೆ. ಐವತ್ತು ಗಂಟೆಗೋ ಅದಕ್ಕೆ ಮುಂಚೆಯೋ ಎಣ್ಣೆ ಬದಲಿಸಬೇಕು. ಹಳೆಯ ಎಣ್ಣೆಯ ಫಿಲ್ಟರನ್ನು ಎಸೆಯದೆ ಸೀಳಿ ಬಿಡಿಸಿ, ಒಳಗೆ ಲೋಹದ ಚೂರು ಮಿನುಗುತ್ತದೆಯೇ ಎಂದು ನೋಡಬೇಕು. ಒಳಗಿನ ಯಾವುದೋ ಭಾಗ ಸವೆಯುತ್ತಿದೆ ಎಂಬ ಸುದ್ದಿ ಮೊದಲು ಅಲ್ಲಿಗೆ ಬರುತ್ತದೆ. ಬಾಡಿಗೆಗೂ ಕಲಿಸುವುದಕ್ಕೂ ಹಾರುವ ವಿಮಾನಗಳಿಗೆ ಅಮೆರಿಕದಲ್ಲಿ ನೂರು ಗಂಟೆಗೊಂದು ಪರೀಕ್ಷೆ. ಸ್ವಂತದ ವಿಮಾನವಾದರೂ ಹನ್ನೆರಡು ತಿಂಗಳಿಗೊಂದು ಪರೀಕ್ಷೆ ತಪ್ಪದು. ಲೈಕಮಿಂಗ್ ಕಂಪನಿಯ ಹೆಸರಾದ ನಾಲ್ಕು ಸಿಲಿಂಡರಿನ ಇಂಜಿನ್ನುಗಳನ್ನು ೨೦೦೦ ಗಂಟೆ ಓಡಿದ ಮೇಲೆ, ಇಲ್ಲವೆ ಹನ್ನೆರಡು ವರ್ಷ ಕಳೆದ ಮೇಲೆ, ಪೂರ್ತಿ ಬಿಚ್ಚಿ ಕಟ್ಟಬೇಕೆಂದು ತಯಾರಕರು ಹೇಳುತ್ತಾರೆ. ಹನ್ನೆರಡು ವರ್ಷದ ಮಾತು ಯಾಕೆ ಬಂತು? ಓಡದ ಇಂಜಿನ್ನು ಓಡುವ ಇಂಜಿನ್ನಿಗಿಂತ ಬೇಗ ಕೆಡುತ್ತದೆ. ಆ ಇಂಜಿನ್ನುಗಳಲ್ಲಿ ಕ್ಯಾಮ್ ದಂಡ ಮೇಲುಗಡೆ ಇದೆ. ತಿಂಗಳುಗಟ್ಟಲೆ ನಿಂತರೆ ಎಣ್ಣೆ ಕೆಳಗಿಳಿದು ದಂಡ ಬರಿದಾಗಿ ತುಕ್ಕು ಹತ್ತುತ್ತದೆ. ಮುಷ್ಕರವೋ ಬೀಗಮುದ್ರೆಯೋ ಆಗಿ ಆರು ತಿಂಗಳು ನಿಂತ ಗಿರಣಿಯನ್ನು ಮತ್ತೆ ಚಾಲೂ ಮಾಡಿದ ಫಿಟ್ಟರುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಟ್ಟೆಯ ಮಾತನ್ನು ಮರೆತರೆ ಗಿರಣಿಯ ವಾಚಕರಿಗೆ ಅನ್ಯಾಯ ಮಾಡಿದಂತೆ. ಹಿಂದಿನ ಸಣ್ಣ ವಿಮಾನಗಳ ರೆಕ್ಕೆ ಬಟ್ಟೆಯದು! ಮರದ ಅಥವಾ ಲೋಹದ ಹಂದರದ ಮೇಲೆ ಹತ್ತಿಯ ಬಟ್ಟೆ ಬಿಗಿದು, ಡೋಪ್ ಎಂಬ ವಾರ್ನಿಷಿನಂಥ ಲೇಪ ಬಳಿಯುತ್ತಿದ್ದರು. ಅದು ಒಣಗುತ್ತ ಬಟ್ಟೆಯನ್ನು ತಮ್ಮಟೆಯ ಚರ್ಮದಂತೆ ಎಳೆದು ಹಿಡಿಯುತ್ತಿತ್ತು. ಅಂಥ ಬಟ್ಟೆ ಇಂಚಿಗೆ ೮೦ರಿಂದ ೮೪ ಎಳೆಯದು. ಹೊಸತಿದ್ದಾಗ ಒಂದಿಂಚು ಅಗಲದ ಪಟ್ಟಿ ೮೦ ಪೌಂಡು ಜಗ್ಗನ್ನು ತಡೆಯಬೇಕು. ಬಿಸಿಲು ಮಳೆಗೆ ಹಳತಾಗಿ ೫೬ ಪೌಂಡಿಗಿಂತ ಕೆಳಗಿಳಿದರೆ ರೆಕ್ಕೆಯ ಬಟ್ಟೆಯೆಲ್ಲ ಕಿತ್ತು ಹೊಸದು ಹೊದಿಸಬೇಕು. ಬಿಸಿಲು ತಾಗದಿರಲೆಂದು ಲೇಪದಲ್ಲಿ ಅಲ್ಯುಮಿನಿಯಂ ಪುಡಿ ಬೆರೆಸುತ್ತಿದ್ದರು. ಈಗ ಹತ್ತಿಯ ಜಾಗಕ್ಕೆ ಪಾಲಿಯೆಸ್ಟರ್ ಬಂದಿದೆ. ನಮ್ಮ ಬೆಂಗಳೂರಿನಲ್ಲಿಯೇ, ಆಗಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಕಾರ್ಮಿಕರು ಅಂಥ ಒಂದು ವಿಮಾನವನ್ನು ಕಟ್ಟಿದರು. ಅದರ ಹೆಸರು ಪುಷ್ಪಕ. ಇಬ್ಬರು ಅಕ್ಕಪಕ್ಕ ಕೂಡುವ, ೯೦ ಅಶ್ವಶಕ್ತಿಯ, ಬಟ್ಟೆ ಹೊದಿಸಿದ ಅದು ಮೊದಲು ಹಾರಿದ್ದು ೧೯೫೮ರ ಸೆಪ್ಟೆಂಬರಿನಲ್ಲಿ. ನೂರೈವತ್ತಕ್ಕೂ ಹೆಚ್ಚು ಕಟ್ಟಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಕೊಟ್ಟರು. ಹಾರಾಟವನ್ನು ಸಾಹುಕಾರರ ಆಟವಾಗಿ ಬಿಡದೆ ಮಧ್ಯಮ ವರ್ಗದ ಹುಡುಗರಿಗೂ ಕಲಿಸಬೇಕೆಂದು ಸಾರ್ವಜನಿಕ ರಂಗ ಮಾಡಿದ ಕೆಲಸವದು. ಅದನ್ನು ಹೊಗಳದೆ ಮುಂದೆ ಹೋಗಲು ನನಗೆ ಮನಸ್ಸು ಬಾರದು.

ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಸಣ್ಣ ವಿಮಾನಗಳ ಅಪಘಾತಗಳಲ್ಲಿ ಬಹುಪಾಲು ಯಂತ್ರ ಕೆಟ್ಟು ಆದವಲ್ಲ. ಪೈಲಟನ ತಪ್ಪಿನಿಂದ, ಮೋಡ ಮಳೆಯ ಲೆಕ್ಕ ತಪ್ಪಿದ್ದರಿಂದ ಆದವು. ಇಂಜಿನ್ನು ನಿಂತರೂ ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ. ಸೆಸ್ನಾ ೧೭೨ ಎಂಬ ಹೆಸರಾದ ವಿಮಾನ ಒಂದು ಕಿಲೋಮೀಟರು ಎತ್ತರದಿಂದ ಎಂಟೊಂಬತ್ತು ಕಿಲೋಮೀಟರು ಜಾರಿಕೊಂಡು ಹೋಗಬಲ್ಲದು. ಆಗ ಕೆಳಗೆ ಹೊಲವಿದೆಯೋ ಊರಿದೆಯೋ ಎಂಬುದೇ ಪ್ರಶ್ನೆ. ಜುಹುವಾಗಲಿ ಬೆಂಗಳೂರಿನ ಜಕ್ಕೂರಾಗಲಿ, ಕಟ್ಟಿದಾಗ ಊರ ಹೊರಗಿದ್ದವು. ಇಂದು ಸುತ್ತಲೂ ಮನೆಗಳು. ಹವೆಯನ್ನು ಯಾರೂ ತಿದ್ದಲಾರರು. ಯಂತ್ರವನ್ನು ಮಾತ್ರ ನೆಲದ ಮೇಲೆ ನಿಲ್ಲಿಸಿಕೊಂಡು, ಹಗಲು ಬೆಳಕಿನಲ್ಲಿ, ಬೇಕಾದಷ್ಟು ಹೊತ್ತು ನೋಡಬಹುದು. ಹಾಗೆ ನೋಡಲು ಸಾಧ್ಯವಿದ್ದೂ ನೋಡದೆ ಬಿಟ್ಟದ್ದಕ್ಕೆ ದೇವರ ಇಚ್ಛೆ ಎಂದು ಹೆಸರಿಡಲಾಗದು.

ನೋಡುವವನು ಯಾರು, ಅವನಿಗೆ ಅನ್ನ ಹಾಕುವವನು ಯಾರು? ವಿಷಯದ ಗಂಟು ಇಲ್ಲಿದೆ. ಇದನ್ನು ತಿಳಿಯಲು ಅಮೆರಿಕದ ಸಂಗತಿಯನ್ನು ಸ್ವಲ್ಪ ನೋಡೋಣ. ಸಣ್ಣ ವಿಮಾನ ಅಲ್ಲಿಯಷ್ಟು ಇನ್ನೆಲ್ಲಿಯೂ ಇಲ್ಲ.

ಕಾನ್ಸಾಸ್ ಪ್ರಾಂತದ ವಿಚಿಟಾ ಊರಿನ ಸೆಸ್ನಾ ಕಂಪನಿ ೧೯೫೬ರಿಂದ ಮಾರುತ್ತ ಬಂದ ಆ ೧೭೨ ಜಾತಿಯ ವಿಮಾನಗಳೇ ನಲವತ್ತನಾಲ್ಕು ಸಾವಿರಕ್ಕೂ ಹೆಚ್ಚು. ಈ ಕಂಪನಿಯ ವಿಮಾನಗಳಲ್ಲಿ ಪೈಲಟನ ಸೀಟು ಹಳಿಯ ಮೇಲೆ ಹಿಂದೆ ಮುಂದೆ ಸರಿಯುತ್ತದೆ. ಒಂದು ಪಿನ್ನು ಹಳಿಯ ತೂತಿನಲ್ಲಿ ಕೂತು ಹಿಡಿದಿರುತ್ತದೆ. ವರ್ಷಗಳು ಕಳೆದಂತೆ ತೂತು ಸವೆಯುತ್ತದೆ, ಪಿನ್ನು ಅರ್ಧಕ್ಕೆ ಕೂಡುತ್ತದೆ. ವಿಮಾನ ನೆಲ ಬಿಟ್ಟು ಮೂಗು ಮೇಲೆತ್ತಿದ ಗಳಿಗೆಯಲ್ಲಿ ಸೀಟು ಜರ್ರನೆ ಹಿಂದಕ್ಕೆ ಸರಿದರೆ ಪೈಲಟನ ಕಾಲು ಪೆಡಲಿಗೆ ಎಟುಕುವುದಿಲ್ಲ. ಆಸರೆಗೆಂದು ಕೈ ಹಿಡಿಕೆಯನ್ನೇ ಜಗ್ಗುತ್ತದೆ. ವಿಮಾನ ಇನ್ನೂ ಮೂಗೆತ್ತಿ ಗಾಳಿಯ ಹಿಡಿತ ಕಳೆದುಕೊಳ್ಳುತ್ತದೆ. ಹೀಗೆ ಜನ ಸತ್ತರು. ೧೯೮೭ರಲ್ಲಿ ಅಲ್ಲಿಯ ಸರಕಾರ ಆಜ್ಞೆ ಹೊರಡಿಸಿ, ಹಳಿ, ತೂತು, ಪಿನ್ನುಗಳನ್ನು ಗೊತ್ತಾದ ಗಂಟೆಗೊಮ್ಮೆ ಅಳೆದು ನೋಡಲೇಬೇಕೆಂದು ವಿಧಿಸಿತು. ಒಂದು ಪಿನ್ನಿನ ಬೆಲೆ ಎಷ್ಟು, ಅದರ ಮೇಲೆ ನಿಂತ ಪ್ರಾಣಗಳೆಷ್ಟು ಎಂದು ನೀವೇ ಲೆಕ್ಕ ಹಾಕಿ.

ಸತ್ತವರ ಮನೆಯವರು ಕೋರ್ಟಿಗೆ ಹೋದರು. ಪರಿಹಾರದ ಖಟ್ಲೆಗಳ ಭಾರ ತಡೆಯಲಾರೆವೆಂದು ಸೆಸ್ನಾ ಕಂಪನಿ ೧೯೮೬ರಲ್ಲಿ ಈ ಸಣ್ಣ ವಿಮಾನಗಳ ತಯಾರಿಕೆಯನ್ನೇ ನಿಲ್ಲಿಸಿತ್ತು. ಕಾರ್ಮಿಕರು ಬೀದಿಗೆ ಬಿದ್ದರು. ೧೯೯೪ರಲ್ಲಿ ಅಲ್ಲಿಯ ಕಾಂಗ್ರೆಸ್ ಸಭೆ ಒಂದು ಕಾಯಿದೆ ಮಾಡಿತು: ಇಪ್ಪತ್ತಕ್ಕಿಂತ ಕಡಮೆ ಸೀಟಿನ, ಟೈಂಟೇಬಲಿನ ಪ್ರಕಾರ ಪ್ರಯಾಣಿಕರನ್ನು ಒಯ್ಯದ ವಿಮಾನಕ್ಕೆ ಹದಿನೆಂಟು ವರ್ಷ ತುಂಬಿದ ಮೇಲೆ ಅದರ ದೋಷಕ್ಕಾಗಿ ತಯಾರಕನನ್ನು ಕೋರ್ಟಿಗೆಳೆಯುವಂತಿಲ್ಲ. ತಿಳಿದೂ ಸರಕಾರಕ್ಕೆ ಮರೆಮಾಚಿದ್ದರೆ ಮಾತು ಬೇರೆ. ಎರಡು ವರ್ಷದಲ್ಲಿ ಕಾರ್ಖಾನೆ ಮತ್ತೆ ತೆರೆಯಿತು, ಕೆಲಸ ಹುಟ್ಟಿತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆಕಾಶದಲ್ಲಿರುವ ಸಣ್ಣ ವಿಮಾನಗಳಲ್ಲಿ ಮೂವತ್ತು ನಲವತ್ತು ವರ್ಷ ಮೀರಿದವು ಎಷ್ಟೋ ಸಾವಿರ. ಅವುಗಳ ಹೊಣೆಯಿಂದ ತಯಾರಕನು ಕೈ ತೊಳೆದುಕೊಂಡನು. ವಿಮಾನವನ್ನು ಹಾರಲು ಯೋಗ್ಯವಾಗಿಡುವ ಮೊದಲ ಹೊಣೆ ಒಡೆಯನದೆಂದು ನಿಯಮ ಹೇಳುತ್ತದೆ. ಒಡೆಯನೋ ವಕೀಲನಿರಬಹುದು, ಡಾಕ್ಟರನಿರಬಹುದು, ಸಕ್ಕರೆ ಕಾರ್ಖಾನೆಯ ಧಣಿಯಿರಬಹುದು. ಅವನು ಹಳಿಯ ತೂತನ್ನು ಬಗ್ಗಿ ನೋಡುವವನಲ್ಲ. ಕೊನೆಗೆ ಭಾರವೆಲ್ಲ ಬಂದು ಕೂಡುವುದು ಶೆಡ್ಡಿನ ಮೆಕ್ಯಾನಿಕ್ಕನ ಹೆಗಲಿಗೆ.

ಆ ಮೆಕ್ಯಾನಿಕ್ಕನ ಸ್ಥಿತಿಯನ್ನು ನೋಡಿರಿ. ಅವನ ಲೈಸೆನ್ಸು ಸರಕಾರದ್ದು; ಸಂಬಳ ಒಡೆಯನದು. ಲಾಗ್ ಪುಸ್ತಕದಲ್ಲಿ "ಹಾರಲು ಯೋಗ್ಯ" ಎಂದು ಬರೆದು ರುಜು ಹಾಕಿದರೆ ವಿಮಾನ ಹಾರುತ್ತದೆ, ಹಾಕದಿದ್ದರೆ ನಿಲ್ಲುತ್ತದೆ. ದೊಡ್ಡ ಏರ್‌ಲೈನಿನಲ್ಲಿ ನೂರಾರು ಮೆಕ್ಯಾನಿಕ್ಕರಿದ್ದಾರೆ, ಮೇಲ್ವಿಚಾರಕರಿದ್ದಾರೆ, ಯೂನಿಯನ್ನಿದೆ. ಸಣ್ಣ ಶೆಡ್ಡಿನಲ್ಲಿ ಒಬ್ಬನೋ ಇಬ್ಬರೋ. ಸಂಜೆ ಸಾಹೇಬರು ಮದುವೆಗೆ ಹೋಗಬೇಕು. ಬೆಳಿಗ್ಗೆ ಸಿಲಿಂಡರಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿದೆ. ಬದಲಿ ಸಿಲಿಂಡರು ಪರದೇಶದಿಂದ ಬರಬೇಕು, ವಾರಗಳು ಬೇಕು. "ಒಂದು ಸಲ ಹೋಗಿಬರುತ್ತಾರಪ್ಪ, ಆಮೇಲೆ ನೋಡಿಕೊಂಡರಾಯಿತು" ಎಂದು ಮ್ಯಾನೇಜರು ಹೇಳುತ್ತಾನೆ. ಇದನ್ನು ಓದುವಾಗ ಗಿರಣಿಯ ವಾಚಕರಿಗೆ ತಮ್ಮ ಖಾತೆಯ ಯಾವುದೋ ಮ್ಯಾನೇಜರನ ದನಿ ಕೇಳಿಸಿದರೆ ಆಶ್ಚರ್ಯವಿಲ್ಲ. ಇಲ್ಲವೆಂದವನನ್ನು ಆ ದಿನವೇ ತೆಗೆಯುವುದಿಲ್ಲ. ಮುಂದಿನ ತಿಂಗಳು ಕೆಲಸ ಬೇರೆ ಶೆಡ್ಡಿಗೆ ಹೋಗುತ್ತದೆ, ಅಲ್ಲಿ ಯಂತ್ರದ ಮುಚ್ಚಳ ತೆಗೆಯದೆಯೇ ಪುಸ್ತಕದಲ್ಲಿ ಪರೀಕ್ಷೆ ಬರೆಯುವವನೊಬ್ಬ ಸಿಗುತ್ತಾನೆ. ಮೆಕ್ಯಾನಿಕ್ಕರೆಲ್ಲ ಹೀಗೆಂದು ನಾನು ಹೇಳುತ್ತಿಲ್ಲ. ಹೆಚ್ಚಿನವರು ತಮ್ಮ ರುಜುವನ್ನು ಪ್ರಾಣದಂತೆ ಕಾಯುತ್ತಾರೆ. ಆದರೆ ಒಬ್ಬನ ಪ್ರಾಮಾಣಿಕತೆಗೆ ಅವನ ಹೆಂಡತಿ ಮಕ್ಕಳ ಅನ್ನವನ್ನೇ ಪಣಕ್ಕಿಡಿಸುವ ಏರ್ಪಾಡು ಸರಿಯಾದ ಏರ್ಪಾಡೆ?

ಪ್ರಾಮಾಣಿಕನೂ ತಪ್ಪುತ್ತಾನೆ, ಅದು ಬೇರೆ ಮಾತು. ೧೯೪೭ರ ಆಗಸ್ಟ್ ೨೩ರಂದು ಇಂಗ್ಲೆಂಡಿನಲ್ಲಿ ಏವ್ರೊ ಕಂಪನಿಯ ಟ್ಯೂಡರ್ ಎಂಬ ದೊಡ್ಡ ವಿಮಾನ ಪರೀಕ್ಷೆಗೆ ಮೇಲೇರಿ ಕೂಡಲೇ ಬಿದ್ದಿತು. ಯುದ್ಧಕಾಲದ ಲ್ಯಾಂಕಾಸ್ಟರ್ ಬಾಂಬರಿನ ವಿನ್ಯಾಸ ಮಾಡಿದ ರಾಯ್ ಚಾಡ್ವಿಕ್ ಅದರಲ್ಲಿ ಸತ್ತರು. ರಿಪೇರಿಯಲ್ಲಿ ರೆಕ್ಕೆಯ ಹಲಗೆಗಳ ತಂತಿಗಳನ್ನು ಅದಲು ಬದಲು ಕಟ್ಟಿದ್ದರು. ಎಡಕ್ಕೆ ತಿರುಗಿಸಿದರೆ ಬಲಕ್ಕೆ ವಾಲುತ್ತಿತ್ತು. ಇಂಥದಕ್ಕೆ ಮದ್ದು ಸುಲಭ. ಒಬ್ಬನು ಮಾಡಿದ್ದನ್ನು, ಮಾಡದ ಇನ್ನೊಬ್ಬನು ಬಂದು ನೋಡಿ ಎರಡನೆಯ ರುಜು ಹಾಕುವುದು. ಹಿಡಿಕೆ ತಂತಿಗಳ ವಿಷಯದಲ್ಲಿ ಈ ನಿಯಮ ನಮ್ಮ ದೇಶದಲ್ಲಿಯೂ ಇದೆ. ಎರಡನೆಯ ಕಣ್ಣಿಗೆ ಎರಡನೆಯ ಸಂಬಳ ಬೇಕು; ಒಡೆಯನಿಗೆ ಕಹಿಯಾಗುವುದು ಇದೇ.

ಈಗ ಅಂಗಡಿಯ ವಾಚಕರನ್ನು ಒಂದು ಮಾತು ಕೇಳುತ್ತೇನೆ. ನಿಮ್ಮ ತಕ್ಕಡಿಗೂ ಬಟ್ಟುಗಳಿಗೂ ಮುದ್ರೆ ಹಾಕುವ ಇನ್‌ಸ್ಪೆಕ್ಟರು ನಿಮ್ಮ ಅಂಗಡಿಯ ಸಂಬಳದವನೆ? ಅಲ್ಲ. ಗುಮಾಸ್ತನ ಕೈಯಲ್ಲಿಯೇ ಮುದ್ರೆ ಕೊಟ್ಟುಬಿಟ್ಟರೆ ಗಿರಾಕಿಗಳು ನಂಬುವರೆ? ಗಿರಣಿಯ ಬಾಯ್ಲರ್ ಇನ್‌ಸ್ಪೆಕ್ಟರು ಮಾಲೀಕನ ಪಗಾರದ ಪಟ್ಟಿಯಲ್ಲಿಲ್ಲ. ಅರ್ಧ ಕಿಲೋ ಬೆಲ್ಲದ ತೂಕಕ್ಕೆ ಹೊರಗಿನವನ ಮುದ್ರೆ ಬೇಕೆಂದು ಕಂಡುಕೊಂಡ ಸಮಾಜ, ತಲೆಯ ಮೇಲೆ ಹಾರುವ ಯಂತ್ರದ ವಿಷಯದಲ್ಲಿ ಒಡೆಯನು ಹಣ ಕೊಟ್ಟು ಗೊತ್ತುಮಾಡಿಕೊಂಡವನ ಮುದ್ರೆಗೆ ತೃಪ್ತಿಪಟ್ಟುಕೊಂಡಿದೆ.

ನಮ್ಮ ದೇಶದಲ್ಲಿಯೂ ವಿಮಾನದ ಯೋಗ್ಯತಾ ಪತ್ರವನ್ನು ವರ್ಷಕ್ಕೊಮ್ಮೆ ಪರಿಶೀಲಿಸಿ ಹೊಸದಾಗಿ ಕೊಡಬೇಕು. ಡಿಜಿಸಿಎ ಎಂದು ಕರೆಯುವ ನಾಗರಿಕ ವಿಮಾನಯಾನ ನಿರ್ದೇಶನಾಲಯ ಇದರ ಮೇಲಿನ ಅಧಿಕಾರಿ. ಆದರೆ ದಿನದಿನದ ನೋಡುವ ಕೆಲಸ ಒಡೆಯನು ನೇಮಿಸಿಕೊಂಡ ಸಂಸ್ಥೆಗಳದೇ. ೧೯೩೪ರ ಹಳೆಯ ವಿಮಾನ ಕಾಯಿದೆ ಹೋಗಿ ಭಾರತೀಯ ವಾಯುಯಾನ ಅಧಿನಿಯಮ ೨೦೨೫ರ ಜನವರಿ ೧ರಿಂದ ಜಾರಿಗೆ ಬಂದಿದೆ. ಕಾಯಿದೆಯ ಹೆಸರು ಹೊಸದು, ಸಂತೋಷ. ಅದೇ ವರ್ಷ ಸಂಸತ್ತಿನ ಸ್ಥಾಯೀ ಸಮಿತಿಯ ವರದಿ ಹೇಳಿದ್ದೇನು? ನಿರ್ದೇಶನಾಲಯದ ಮಂಜೂರಾದ ಹುದ್ದೆಗಳಲ್ಲಿ ಹೆಚ್ಚುಕಡಮೆ ಅರ್ಧ ಖಾಲಿ ಇವೆ ಎಂದು. ನೋಡಬೇಕಾದವರ ಕುರ್ಚಿಯೇ ಖಾಲಿ ಇರುವಾಗ ಪುಸ್ತಕದಲ್ಲಿ ಏನು ಬರೆದರೇನು?

ಹಾಗಾದರೆ ಬೇಕಾದದ್ದೇನು? ವಾರ್ಷಿಕ ಪರೀಕ್ಷೆಯ ಶುಲ್ಕವನ್ನು ಒಡೆಯನು ಪರೀಕ್ಷಕನ ಕೈಗೆ ಕೊಡದೆ ನಿರ್ದೇಶನಾಲಯದಲ್ಲಿ ಕಟ್ಟಲಿ; ಪರೀಕ್ಷಕನನ್ನು ನಿರ್ದೇಶನಾಲಯ ತನ್ನ ಪಟ್ಟಿಯಿಂದ ಸರದಿಯ ಮೇಲೆ ಕಳಿಸಲಿ. ಮೆಕ್ಯಾನಿಕ್ಕನು ರುಜು ಹಾಕಲು ನಿರಾಕರಿಸಿದರೆ, ಕಾರಣ ಸಹಿತ ಆ ನಿರಾಕರಣೆಯೂ ನಿರ್ದೇಶನಾಲಯದ ಕಡತ ಸೇರಲಿ. ವಿಮಾನವನ್ನು ಬೇರೆ ಶೆಡ್ಡಿಗೆ ಒಯ್ದರೂ ಅಲ್ಲಿಯವನು ಅದನ್ನು ಓದಿಯೇ ಕೈ ಹಾಕಬೇಕು. ನಿರಾಕರಿಸಿದ್ದಕ್ಕಾಗಿ ಕೆಲಸದಿಂದ ತೆಗೆದರೆ ಒಡೆಯನ ಹಾರಾಟದ ಪರವಾನಗಿಗೇ ಕುತ್ತು ಬರಲಿ. ಅಮೆರಿಕದಲ್ಲಿ ೨೦೦೦ದ ಇಸವಿಯಲ್ಲಿ, ಅಪಾಯವನ್ನು ಬಾಯಿಬಿಟ್ಟು ಹೇಳಿದ ಏರ್‌ಲೈನ್ ನೌಕರರಿಗೆ ರಕ್ಷಣೆ ಕೊಡುವ ಕಾಯಿದೆ ಬಂದಿತು. ಖಾಸಗಿ ಒಡೆಯನ ಶೆಡ್ಡಿನ ಒಂಟಿ ಮೆಕ್ಯಾನಿಕ್ಕನಿಗೆ ಅದಕ್ಕಿಂತ ಹೆಚ್ಚಿನ ರಕ್ಷಣೆ ಬೇಕು, ಏಕೆಂದರೆ ಅವನ ಬೆನ್ನಿಗೆ ಯೂನಿಯನ್ನಿಲ್ಲ.

ಇದಕ್ಕೆ ಒಂದು ಆಕ್ಷೇಪಣೆ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಸಣ್ಣ ವಿಮಾನ ಇಟ್ಟವರೆಲ್ಲ ಕುಬೇರರಲ್ಲ. ಫ್ಲೈಯಿಂಗ್ ಕ್ಲಬ್ಬುಗಳಿವೆ, ಸಾಲ ಮಾಡಿ ಪೈಲಟ್ ತರಬೇತಿಗೆ ಸೇರಿದ ಹುಡುಗ ಹುಡುಗಿಯರಿದ್ದಾರೆ. ಖರ್ಚು ಹೆಚ್ಚಿದರೆ ಅದು ಅವರ ಗಂಟೆಯ ಶುಲ್ಕಕ್ಕೆ ಬೀಳುತ್ತದೆ. ನಿಜ. ಆದ್ದರಿಂದ ತರಬೇತಿಯ ವಿಮಾನಗಳ ಪರೀಕ್ಷೆಯ ಶುಲ್ಕವನ್ನು ಸರಕಾರ ಹೊರಲಿ ಎನ್ನುತ್ತೇನೆ. ಪುಷ್ಪಕವನ್ನು ಕಟ್ಟಿಕೊಟ್ಟ ಸರಕಾರಕ್ಕೆ ಇದು ಹೊಸ ಧರ್ಮವಲ್ಲ. ತನ್ನ ಸುಖಕ್ಕೆ ವಿಮಾನ ಇಟ್ಟವನು ಮಾತ್ರ ಪೂರ್ತಿ ಕೊಡಲಿ. ಒಂದು ಹಾರಾಟಕ್ಕೆ ಲಕ್ಷಗಳನ್ನು ಸುಡುವವನು ಪರೀಕ್ಷೆಯ ಸಾವಿರಗಳಿಗೆ ಅಳುವುದನ್ನು ನೋಡಿ ಮರುಗಲು ನನಗೆ ಪುರಸೊತ್ತಿಲ್ಲ.

ಚುನಾವಣೆ ಬಂತೆಂದರೆ ಬಾಡಿಗೆಯ ಸಣ್ಣ ವಿಮಾನಗಳಿಗೂ ಹೆಲಿಕಾಪ್ಟರುಗಳಿಗೂ ಬಿಡುವಿರುವುದಿಲ್ಲ. ಒಂದು ದಿನಕ್ಕೆ ನಾಲ್ಕು ಸಭೆ, ಐದು ಊರು. ೨೦೦೪ರ ಏಪ್ರಿಲ್ ೧೭ರಂದು ನಟಿ ಸೌಂದರ್ಯ ಪ್ರಚಾರಕ್ಕಾಗಿ ಕರೀಂನಗರಕ್ಕೆ ಹೊರಟ ಸಣ್ಣ ಸೆಸ್ನಾ ವಿಮಾನ ಜಕ್ಕೂರಿನಿಂದ ಎದ್ದು ಕೆಲವೇ ನಿಮಿಷಗಳಲ್ಲಿ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿದ್ದು, ಅವರ ಅಣ್ಣನೂ ಪೈಲಟನೂ ಸೇರಿ ನಾಲ್ವರು ತೀರಿಕೊಂಡದ್ದನ್ನು ಕನ್ನಡಿಗರು ಮರೆತಿಲ್ಲ. ಆ ದಿನ ಅತ್ತವರು ಲಕ್ಷ ಜನ. ಅಂಥ ವಿಮಾನಗಳ ಶೆಡ್ಡಿನಲ್ಲಿ ಕೆಲಸ ಮಾಡುವವರ ಸಂಬಳ, ಸಮಯ, ಹಕ್ಕುಗಳ ಬಗ್ಗೆ ಆಮೇಲೆ ಯಾವ ಪಕ್ಷದ ಸಭೆಯಲ್ಲಿಯೂ ಒಂದು ಮಾತು ನಾನು ಕೇಳಲಿಲ್ಲ.

ಮುಂದಿನ ಚುನಾವಣೆಗೆ ನಮ್ಮ ಊರ ಮೈದಾನದಲ್ಲಿಯೂ ಸುಣ್ಣದ ವೃತ್ತ ಬರೆದು ಹೆಲಿಕಾಪ್ಟರು ಇಳಿಸುತ್ತಾರೆ. ಹುಡುಗರು ಧೂಳಿನಲ್ಲಿ ಓಡಿ ನೋಡುತ್ತಾರೆ, ನಾವೂ ನೋಡುತ್ತೇವೆ. ಇಳಿದು ಬಂದ ಮಾನ್ಯರು ಭಾಷಣ ಮುಗಿಸಿ ಪ್ರಶ್ನೆ ಇದೆಯೇ ಎಂದು ಕೇಳಿದರೆ ಎರಡು ಮಾತು ಕೇಳಿರಿ: ನೀವು ಬಂದ ಯಂತ್ರಕ್ಕೆ ಇಂದು ಬೆಳಿಗ್ಗೆ ರುಜು ಹಾಕಿದವನು ಇಲ್ಲ ಎನ್ನಬಹುದಿತ್ತೆ? ನಿರ್ದೇಶನಾಲಯದ ಖಾಲಿ ಕುರ್ಚಿಗಳು ತುಂಬುವುದು ಯಾವಾಗ?